ಒಳಕಲ್ಲು ಇದ್ದ ಜಾಗ

ಮಲಪ್ರಭೆಯ ದಂಡೆಯ ಮಠಕ್ಕೆ ಶಿಷ್ಯ ಮಲ್ಲೇಶಪ್ಪ ಬಂದ. ಬಹುಕಾಲ ಬಾಡಿಗೆ ಮನೆಯಲ್ಲಿದ್ದವನು ಈಗ ಸ್ವಂತ ಮನೆ ಕಟ್ಟಿದ್ದ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅಜ್ಜಾರ, ನಾಳೆ ಹಾಲುಕ್ಕಿಸ್ತೀವ್ರಿ. ನಿಮ್ಮ ಪಾದ ನಮ್ಮ ಮನಿಗೆ ಬರಬೇಕ್ರಿ."

"ಬಾಡಿಗಿ ಮನಿಯೊಳಗ ಏನು ಕಡಿಮಿ ಆಗಿತ್ತಪ್ಪಾ?" ಗುರುಗಳು ಕೇಳಿದರು.

"ಸೋರಿದ್ರ ಮಾಲಕರು ರಿಪೇರಿ ಮಾಡಸ್ತಿದ್ರು, ಖರೆ. ಆದ್ರ ಒಂದು ಮೊಳಿ ಹೊಡಿಬೇಕಂದ್ರೂ ಅವರನ್ನ ಕೇಳಬೇಕ್ರಿ. ಎಷ್ಟು ವರ್ಷ ಇದ್ರೂ ನಮ್ಮದು ಅನ್ನೂದು ಏನೂ ಇಲ್ಲ."

"ಏನೂ ಇರಲಿಲ್ಲೇನು?"

"ಖಾರ ಕುಟ್ಟೂ ಒಂದು ಒಳಕಲ್ಲು ಇತ್ರಿ. ಅಡಗಿಮನಿ ನೆಲದಾಗ ನಾನ ಹುಗಿಸಿದ್ದೆ. ಹೋದ ತಿಂಗಳು ಮನಿ ಬಿಟ್ಟು ತಮ್ಮನ ಮನ್ಯಾಗ ಇಳಕೊಂಡಾಗ ಅಗದು ತಂದೆ. ಬಿಟ್ಟು ಬರಾಕ ನಾನೇನು ಹುಚ್ಚನೇನ್ರಿ?"

"ತಗ್ಗು ಮುಚ್ಚಿದೇನು?"

"ಬಾಡಿಗಿ ಮನಿ ಅಲ್ರಿ? ಯಾರರ ಮುಚ್ಚಿಕೋತಾರ."

ಗುರುಗಳು ಎದ್ದರು. ಬುಟ್ಟಿಯಲ್ಲಿ ದಂಡೆಯ ಮಣ್ಣು ತುಂಬಿ ತಲೆಯ ಮೇಲೆ ಹೊತ್ತರು.

"ಕೊಡ್ರಿ ಅಜ್ಜಾರ, ನಾ ಹೊರತೀನಿ."

ಗುರುಗಳು ಕೊಡದೆ ಊರೊಳಗೆ ನಡೆದರು. ಬೀದಿಯ ಜನ ಎದ್ದು ನಿಂತು ಕೈಮುಗಿದರು. ಬರಿಗೈಯಲ್ಲಿ ಹಿಂದೆ ನಡೆಯುತ್ತಿದ್ದ ಮಲ್ಲೇಶಪ್ಪ ಯಾರ ಮುಖವನ್ನೂ ನೋಡಲಾರದೆ ಹೋದ.

ಆ ಬಾಡಿಗೆ ಮನೆಗೆ ಹೊಸದಾಗಿ ಬಂದಿದ್ದವಳು ನೀಲವ್ವ, ತುಂಬು ಬಸುರಿ. ತಗ್ಗಿನ ಮೇಲೆ ಹಲಗೆ ಹಾಕಿಕೊಂಡು, ಅದನ್ನು ದಾಟಿ ದಾಟಿ ರೊಟ್ಟಿ ಬಡಿಯುತ್ತಿದ್ದಳು.

"ಹಗೂರಕ ಬರ್ರಿ ಅಜ್ಜಾರ, ಇಲ್ಲಿ ತಗ್ಗೈತಿ. ಮೊದಲಿದ್ದವರು ಏನು ಅವಸರದಾಗ ಹೋದ್ರೋ ಪಾಪ, ಮುಚ್ಚಾಕ ಪುರಸೊತ್ತು ಸಿಕ್ಕಿಲ್ಲ."

ಭೂಮಿ ಬಾಯಿಬಿಡಬಾರದೇ ಎನಿಸಿತು ಮಲ್ಲೇಶಪ್ಪನಿಗೆ. ಅದು ಆಗಲೇ ಬಾಯಿ ಬಿಟ್ಟಿತ್ತು, ಅಗೆದವನು ಅವನೇ.

ಗುರುಗಳು ಮೊಣಕಾಲೂರಿ ಮಣ್ಣು ಸುರಿಯತೊಡಗಿದರು. ಮಲ್ಲೇಶಪ್ಪ ಪಕ್ಕದಲ್ಲಿ ಕುಸಿದು ಅವರ ಕೈಯಿಂದ ಬುಟ್ಟಿ ಕಿತ್ತುಕೊಂಡ. ಮಣ್ಣು ತುಂಬಿದ, ಮುಷ್ಟಿಯಿಂದ ಗುದ್ದಿದ, ನೀರು ಚಿಮುಕಿಸಿ ಸಗಣಿ ಸಾರಿಸಿದ.

"ತಂಗಿ, ಮೊದಲಿದ್ದಾಂವ ನಾನ," ಎಂದ. ದನಿ ಅವನಿಗೇ ಸರಿಯಾಗಿ ಕೇಳಲಿಲ್ಲ.

ನೀಲವ್ವ ಕೈತೊಳೆಯಲು ತಂಬಿಗೆ ನೀರು ತಂದುಕೊಟ್ಟಳು. ಬೈದಿದ್ದರೆ ವಾಸಿಯಿತ್ತು.

ಮಠದ ಬಾಗಿಲಿಗೆ ಬಂದಾಗಲೂ ಅವನು ತಲೆ ಎತ್ತಲಿಲ್ಲ.

"ಅಜ್ಜಾರ, ನಾಳೆ ಬರ್ರಿ ಅನ್ನಾಕ ನನಗ ಮುಖ ಇಲ್ರಿ."

"ಬರ್ತೀನಪ್ಪಾ," ಎಂದರು ಗುರುಗಳು. "ಆ ಹೊಸ ಮನೀನೂ ಒಂದಿನ ಬಿಡಾಂವ ಅಲ್ಲೇನು ನೀನು? ಅಲ್ಲಿಂದ ಏನೇನು ಅಗದು ಒಯ್ಯಾಂವ ಇದ್ದೀ, ನೋಡಿಕೊಂಡು ಬರ್ತೀನಿ."