ಗುರಿಯ ಪಕ್ಕದ ಕುರ್ಚಿ

"ಮೀನಿಗೆ ಯಾರಾದರೂ ಈಜು ಕಲಿಸುತ್ತಾರೆಯೇ? ನನಗೂ ಕೋವಿ ಕಲಿಸುವವರು ಬೇಕಿಲ್ಲ!" ಎಂದು ಬರಮಣ್ಣ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಬರಮಣ್ಣ ಕಲ್ಲಗುಡ್ಡದ ಪಾಳೆಯಗಾರ ಕಾಟಪ್ಪ ನಾಯಕನ ಭಾವಮೈದ. ಆ ಪಾಳೆಯದಲ್ಲಿ ಕೋವಿ ಹಿಡಿಯಬೇಕಾದರೆ ಹಿತ್ತಾಳೆಯ ಬಿಲ್ಲೆ ಬೇಕು. ಬಿಲ್ಲೆ ಬೇಕಾದರೆ ಉಸ್ತಾದ್ ಇಮಾಮ್ ಸಾಬರ ಬಳಿ ನಲವತ್ತು ದಿನ ಕಲಿಯಬೇಕು, ಆಮೇಲೆ ಪರೀಕ್ಷೆ. ನಾಯಕನೂ ಹಾಗೆ ಕಲಿತವನೇ.

ಪರೀಕ್ಷೆಗೆ ಒಂದು ಪದ್ಧತಿಯಿತ್ತು. ಶಿಷ್ಯ ಮಡಕೆಗೆ ಗುರಿಯಿಟ್ಟು ಹೊಡೆಯುವಾಗ, ಕಲಿಸಿದವರು ಆ ಮಡಕೆಯಿಂದ ಮೂರೇ ಹೆಜ್ಜೆ ದೂರದಲ್ಲಿ ನಿಲ್ಲಬೇಕು. ಹಾಗಾಗಿ ಇಮಾಮ್ ಸಾಬರು ಯಾರಿಗೂ ಅರೆಬರೆ ಕಲಿಸಿದ್ದಿಲ್ಲ.

"ನಾಳಿದ್ದೇ ಹಂದಿ ಬೇಟೆ. ನಲವತ್ತು ದಿನ ಯಾರು ಕಾಯುತ್ತಾರೆ ಭಾವ? ನೇರವಾಗಿ ಪರೀಕ್ಷೆ ಮಾಡಿ, ಬಿಲ್ಲೆ ಕೊಡಿ."

ಪರದೆಯ ಹಿಂದೆ ನಾಯಕನ ಹೆಂಡತಿಯ ಬಳೆ ಸದ್ದಾಯಿತು. ನಾಯಕ ಗಂಟಲು ಸರಿಮಾಡಿಕೊಂಡ. "ಆಗಲಿ. ನಾಳೆ ಬೆಳಿಗ್ಗೆ ಪರೀಕ್ಷೆ. ಹಂಪಣ್ಣ, ಏರ್ಪಾಡು ನಿನ್ನದು."

ಹಂಪಣ್ಣ ನಾಯಕನ ಸಲಹೆಗಾರ. "ಒಡೆಯಾ, ಕಲಿಯದವರಿಗೆ ಪರೀಕ್ಷೆ ಎಂದರೆ..."

"ಅವನಿಗೆ ಕೋವಿ ಬರುತ್ತದೆ ಎಂದು ನಾನೇ ಹೇಳುತ್ತಿದ್ದೇನಲ್ಲ! ನನ್ನ ಮಾತು ನಲವತ್ತು ದಿನಕ್ಕೆ ಸಮವಲ್ಲವೇ?"

"ಸಮ, ಒಡೆಯಾ. ಇಡೀ ಸಭೆ ಕೇಳಿಸಿಕೊಂಡಿದೆ" ಎಂದು ಹಂಪಣ್ಣ ಕೈಮುಗಿದ.

ಹೊರಗೆ ದೊಡ್ಡೀರ ಕಾಯುತ್ತಿದ್ದ. ಬೇಟೆಯಲ್ಲಿ ಪೊದೆಗೆ ನುಗ್ಗಿ, ತಮಟೆ ಬಡಿದು ಹಂದಿ ಎಬ್ಬಿಸುವವರ ಮುಂದಾಳು ಅವನು. ಎರಡು ವರ್ಷದ ಕೆಳಗೆ ಅರಮನೆಯ ನೆಂಟರೊಬ್ಬರಿಗೆ ಮದುವೆಯ ಉಡುಗೊರೆಯಾಗಿ ಬಿಲ್ಲೆ ಸಿಕ್ಕಿತ್ತು. ಆ ಸಲದ ಬೇಟೆಯಲ್ಲಿ ಹಂದಿ ಉಳಿಯಿತು, ದೊಡ್ಡೀರನ ತಮ್ಮ ಉಳಿಯಲಿಲ್ಲ.

"ಬುದ್ಧಿ, ನಾಳಿದ್ದು ಪೊದೆಯೊಳಗೆ ಇರೋರು ನಾವು. ಅವರು ನಮ್ಮ ಕಡೆಗೇ ಹೊಡೀತಾರೆ."

ಹಂಪಣ್ಣ ದೊಡ್ಡೀರನನ್ನು ಪಕ್ಕಕ್ಕೆ ಕರೆದ. "ನಿನ್ನ ಮನೆಯಲ್ಲಿ ಹಳೆಯ ಮಡಕೆ ಇದೆಯೇ? ನಾಳೆ ಬೆಳಿಗ್ಗೆ ತಾ" ಎಂದ.

ಮರುದಿನ ಬಯಲಿನಲ್ಲಿ ಊರೆಲ್ಲ ಸೇರಿತ್ತು. ದೂರದ ಬಂಡೆಯ ಮೇಲೆ ಮಡಕೆ. ಅದರಿಂದ ಮೂರು ಹೆಜ್ಜೆಯಲ್ಲಿ ಒಂದು ಕುರ್ಚಿ, ಅದಕ್ಕೆ ರೇಷ್ಮೆಯ ದಿಂಬು, ಮೇಲೊಂದು ಛತ್ರಿ.

"ಆ ಕುರ್ಚಿ ಯಾರಿಗೋ?" ಎಂದ ನಾಯಕ.

"ತಮಗೇ ಒಡೆಯಾ."

"ಅಲ್ಲಿ ನಿಲ್ಲಬೇಕಾದವರು ಉಸ್ತಾದರಲ್ಲವೇ?"

"ಕಲಿಸಿದ್ದರೆ ನಿಲ್ಲುತ್ತಿದ್ದರು. ಆ ನಲವತ್ತು ದಿನದ ಬದಲು ತಾವು ಮಾತು ಕೊಟ್ಟಿದ್ದೀರಿ. ಉಸ್ತಾದರಾದರೆ ನಿಲ್ಲಬೇಕು. ತಾವು ಒಡೆಯರು, ಕುಳಿತರೂ ನಡೆಯುತ್ತದೆ."

ಜನರೆಲ್ಲ ನಾಯಕನ ಮುಖವನ್ನೇ ನೋಡುತ್ತಿದ್ದರು. ಆಡಿದ ಮಾತು ನುಂಗುವಂತಿರಲಿಲ್ಲ.

"ಕುಳಿತುಕೊಳ್ಳಿ ಭಾವ, ಕಣ್ಣು ಮುಚ್ಚಿಕೊಂಡೇ ಹೊಡೆಯುತ್ತೇನೆ!" ಎಂದು ಬರಮಣ್ಣ ಧೈರ್ಯ ಹೇಳಿದ.

ನಾಯಕ ಹೋಗಿ ಕುಳಿತ. ಅಲ್ಲಿಂದ ನೋಡಿದರೆ ಬರಮಣ್ಣನ ಎಡಗೈಯಲ್ಲಿ ಕೋವಿಗೆ ಕಿಡಿ ಮುಟ್ಟಿಸುವ ಬತ್ತಿ ಉರಿಯುತ್ತಿದೆ. ಅದೇ ಕೈಯಲ್ಲಿ ಕೋವಿ ಹಿಡಿದು, ಬಲಗೈಯಿಂದ ನಳಿಗೆಗೆ ಮದ್ದು ಸುರಿಯುತ್ತಿದ್ದಾನೆ! ಮದ್ದು ತುಂಬುವಾಗ ಬೆಂಕಿ ಹತ್ತಿರ ಇರಬಾರದು ಎಂಬುದು ಇಮಾಮ್ ಸಾಬರ ಮೊದಲ ದಿನದ ಮೊದಲ ಪಾಠ.

"ಬತ್ತಿ ಬಿಸಾಡೋ, ಮುಠ್ಠಾಳ!" ಎಂದು ಕೂಗಿದ ನಾಯಕ ಕುರ್ಚಿ ಉರುಳಿಸಿ ಅದರ ಹಿಂದೆ ಕವುಚಿ ಬಿದ್ದ. ಬರಮಣ್ಣನ ಹತ್ತಿರದಲ್ಲೇ ಇದ್ದ ಇಮಾಮ್ ಸಾಬರು ಬತ್ತಿ ಕಿತ್ತುಕೊಂಡು ಮಣ್ಣಿಗೆ ಒತ್ತಿದರು.

ನಾಯಕ ಧೂಳು ಕೊಡವಿಕೊಂಡು ಎದ್ದು ಬಂದ. "ಹಂಪಣ್ಣ! ನನ್ನನ್ನು ಕೊಲ್ಲಿಸಬೇಕೆಂದಿದ್ದೆಯಾ?"

"ಇಲ್ಲ ಒಡೆಯಾ. ನಾಳೆ ದೊಡ್ಡೀರನ ಜನ ಇರುವ ಜಾಗದಲ್ಲಿ ತಮ್ಮನ್ನು ಒಂದು ಗಳಿಗೆ ಕೂರಿಸಿದೆ, ಅಷ್ಟೇ. ಅವರಿಗೆ ಕುರ್ಚಿ ಹಾಕುವುದಿಲ್ಲ."

ನಾಯಕ ದೊಡ್ಡೀರನತ್ತ ನೋಡಿ ತಲೆ ತಗ್ಗಿಸಿದ. ಆಮೇಲೆ ಉರುಳಿಬಿದ್ದ ಕುರ್ಚಿ ಕಣ್ಣಿಗೆ ಬಿದ್ದು, ತಡೆಯಲಾರದೆ ನಕ್ಕ. "ಆ ಕುರ್ಚಿ ಇನ್ನು ನಿನ್ನದು ಹಂಪಣ್ಣ. ಸಭೆಯಲ್ಲಿ ನನ್ನ ಪಕ್ಕ ಹಾಕಿಸಿಕೋ. ಬರಮಣ್ಣ, ನೀನೂ ನಾಳೆ ಬೇಟೆಗೆ ಬಾ. ತಮಟೆ ಹಿಡಿದುಕೊಂಡು!"

ಮರುದಿನ ಪೊದೆಯ ಅಂಚಿನಲ್ಲಿ ಬರಮಣ್ಣ ತಮಟೆಯನ್ನು ಗುರಾಣಿಯಂತೆ ಎದೆಗೆ ಅಡ್ಡ ಹಿಡಿದು ನಿಂತಿದ್ದ.

"ದೊಡ್ಡೀರಣ್ಣ," ಎಂದು ಮೆಲ್ಲಗೆ ಕೇಳಿದ, "ಅಲ್ಲಿ ಕೋವಿ ಹಿಡಿದವರೆಲ್ಲ ನಲವತ್ತು ದಿನ ಪೂರ್ತಿ ಕಲಿತವರೇ ತಾನೇ?"

"ಒಬ್ಬರು ಮಾತ್ರ ಕಲಿತಿಲ್ಲ ಬುದ್ಧಿ," ಎಂದ ದೊಡ್ಡೀರ. "ಹೆದರಬೇಡಿ, ಅವರು ಇವತ್ತು ನಮ್ಮ ಜೊತೆಗೇ ಇದ್ದಾರೆ."