ಮುಂಗೈ ಮೇಲಿನ ಹೊಳೆ

"ಗುರುಗಳೇ, ತೀರಿಹೋದವರ ನೆನಪಿಗೆಂದು ಹಚ್ಚೆ ಹಾಕಿಸಿಕೊಳ್ಳುವವನು ಯಾವ ಚಿತ್ರವನ್ನು ಆರಿಸಿಕೊಳ್ಳಬೇಕು?"

ಕೇಳಿದವನು ಗುರುಪಾದ. ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ತಾಯಿ ಹೋದ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ ತಿಂಗಳ ಹಿಂದೆ ತೀರಿಕೊಂಡಿದ್ದಳು. ಅವನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ಸುದ್ದಿ ತಡವಾಗಿ ಬಂತು ಎಂದು ಮಠದಲ್ಲಿ ಎಲ್ಲರಿಗೂ ಹೇಳಿದ್ದ. ಎಲ್ಲರೂ ಪಾಪ ಎಂದಿದ್ದರು.

ಈಗ ಅವನ ಕೈಯಲ್ಲಿ ಮೂರು ಹಾಳೆಗಳಿದ್ದವು. ಒಂದರಲ್ಲಿ ಗಿಣಿ, ಒಂದರಲ್ಲಿ ತೊಟ್ಟಿಲು, ಇನ್ನೊಂದರಲ್ಲಿ ಅಕ್ಕನ ಹೆಸರು. ಗಿಣಿಯನ್ನು ಅಕ್ಕ ಸಾಕಿದ್ದಳು. ತೊಟ್ಟಿಲಲ್ಲಿ ಅವನನ್ನು ತೂಗಿದ್ದಳು. ಹದಿನೈದು ದಿನದಿಂದ ಬರೆದು, ಅಳಿಸಿ, ಮತ್ತೆ ಬರೆದಿದ್ದ. ಯಾವುದನ್ನು ಬಿಟ್ಟರೂ ಅಕ್ಕನಿಗೆ ಅನ್ಯಾಯ ಮಾಡಿದಂತೆ ಅನ್ನಿಸುತ್ತಿತ್ತು.

ಗುರುಗಳು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಹಿಂದಿನ ದಿನವಷ್ಟೇ ಗುರುಪಾದನ ಭಾವ ಮಠಕ್ಕೆ ಬಂದಿದ್ದ. ಗುರುಗಳ ಬಳಿ ಕೂತು ಮಾತಾಡಿ, ಮಜ್ಜಿಗೆ ಕುಡಿದು, ಹೆಂಡತಿಯ ತಮ್ಮನನ್ನು ಕಾಣದೆಯೇ ಹೊರಟುಹೋಗಿದ್ದ. ಏನು ಮಾತಾಡಿದನೋ ಗುರುಪಾದನಿಗೆ ತಿಳಿಯದು. ಕೇಳುವ ಧೈರ್ಯವೂ ಆಗಿರಲಿಲ್ಲ.

"ಕೂತುಕೋ" ಎಂದರು ಗುರುಗಳು. "ಚಿತ್ರ ಆರಿಸಿಕೊಂಡ ಒಬ್ಬನ ಕತೆ ಹೇಳುತ್ತೇನೆ."

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಒಬ್ಬ ತಮ್ಮ. ಮನೆಯಲ್ಲಿ ಮುದುಕಿ ತಾಯಿ. ಅಣ್ಣತಮ್ಮ ಇಬ್ಬರೂ ಸೇರಿ ಒಂದೇ ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದರು. ಒಬ್ಬ ಹುಟ್ಟು ಹಾಕಿದರೆ ಇನ್ನೊಬ್ಬ ನೀರಿನ ಮೇಲೆ ಕಣ್ಣಿಡುತ್ತಿದ್ದ. ಅವರ ನಡುವೆ ಜಗಳವಿರಲಿಲ್ಲ. ಅಣ್ಣನಿಗೆ ತಮ್ಮನೆಂದರೆ ಪ್ರಾಣ ಎಂದು ಊರು ಹೇಳುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಒಂದು ದಿನ ಮೇಲುಸೀಮೆಯಲ್ಲಿ ಮಳೆಯಾಗಿ ಹೊಳೆ ಕೆಂಪಗೆ ಬಂತು. ಇಂದಿಗೆ ಸಾಕು, ಹರಿಗೋಲು ಮೇಲೆಳೆಯೋಣ ಎಂದ ತಮ್ಮ. ಇನ್ನೊಂದು ಸಲ ಹೋಗಿಬರೋಣ ಎಂದ ಅಣ್ಣ. ಆಚೆ ದಡಕ್ಕೆ ನಾಲ್ಕು ಜನರನ್ನು ಬಿಟ್ಟರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಇಳಿದವರು ತಿರುಗಿಯೂ ನೋಡದೆ ತಮ್ಮ ದಾರಿ ಹಿಡಿದರು. ಹಾಗಾಗಿ ಆಮೇಲೆ ನಡೆದದ್ದನ್ನು ಕಂಡ ಕಣ್ಣು ಒಂದೂ ಇರಲಿಲ್ಲ.

ನಡುನೀರಿನಲ್ಲಿ ಹರಿಗೋಲು ಸುಳಿಗೆ ಸಿಕ್ಕಿ ವಾಲಿತು. ತಮ್ಮ ನೀರಿಗೆ ಬಿದ್ದ. ಅವನಿಗೆ ಈಜು ಬರುತ್ತಿತ್ತು. ಆದರೆ ಆ ನೀರಿಗೆ ಯಾರ ಈಜೂ ಸಾಲದು. ಅಣ್ಣ ಬಾಗಿ ತೋಳು ಚಾಚಿದ. ತಮ್ಮ ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದ. ಅವನ ಭಾರಕ್ಕೆ ಹರಿಗೋಲು ಒಂದು ಮಗ್ಗುಲಿಗೆ ಮಲಗಿತು. ನೀರು ಒಳಗೆ ನುಗ್ಗಿತು. ಆ ಗಳಿಗೆಯಲ್ಲಿ ಅಂಬಿಗನಿಗೆ ತಮ್ಮ ಕಾಣಲಿಲ್ಲ. ತನ್ನ ಉಸಿರೊಂದೇ ಕಂಡಿತು. ತೋಳು ಕೊಡವಿದ. ತಮ್ಮನ ಹಿಡಿತ ಒಮ್ಮೆಗೆ ಬಿಡಲಿಲ್ಲ. ಇನ್ನೊಮ್ಮೆ ಕೊಡವಿದ. ತಮ್ಮನ ಉಗುರುಗಳು ಮೊಣಕೈಯ ಕೆಳಗಿನಿಂದ ಮಣಿಕಟ್ಟಿನ ತನಕ ಮಾಂಸವನ್ನು ಸೀಳಿಕೊಂಡು ಹೋದವು. ಹರಿಗೋಲು ನೆಟ್ಟಗಾಯಿತು.

ಇಲ್ಲಿ ಗುರುಪಾದ ತಡೆಯಲಾರದೆ ಕೇಳಿದ. ಇಬ್ಬರೂ ಮುಳುಗುವ ಹೊತ್ತಿನಲ್ಲಿ ಒಬ್ಬನಾದರೂ ಉಳಿದ, ಅದು ತಪ್ಪು ಹೇಗಾದೀತು ಎಂದ. ತಪ್ಪು ಎಂದು ಹೇಳಿದವರು ಯಾರು, ಕೇಳು ಎಂದರು ಗುರುಗಳು.

ಅಂಬಿಗ ದಡ ಸೇರಿದ. ತಾಯಿ ಓಡಿ ಬಂದಳು. ಅವಳು ಕೇಳಿದ್ದು ಒಂದೇ ಮಾತು. ಅವನ ಕೈ ನಿನಗೆ ಸಿಗಲಿಲ್ಲವೇ? ಸಿಗಲಿಲ್ಲ ಎಂದ ಅಂಬಿಗ. ಚಾಚಿದೆ, ಒಂದು ಗೇಣು ದೂರದಲ್ಲಿ ತಪ್ಪಿಹೋಯಿತು ಎಂದ. ತೋಳಿನ ಗಾಯ ಹೇಗಾಯಿತೆಂದರೆ, ಬಂಡೆಗೆ ತರಚಿತು ಎಂದ. ಊರು ನಂಬಿತು. ತಮ್ಮನಿಗಾಗಿ ಪ್ರಾಣ ಕೊಡಲು ಹೋದವನು ಎಂದು ಹೊಗಳಿತು. ಹೊಗಳಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಅದನ್ನು ಜನ ವಿನಯ ಎಂದುಕೊಂಡರು.

ತಾಯಿ ಅನ್ನ ಬಿಟ್ಟಳು. ಯಾರು ಹೇಳಿದರೂ ಬಾಯಿ ತೆರೆಯಲಿಲ್ಲ. ಕೊನೆಗೆ ಅಂಬಿಗ ತಾನೇ ತುತ್ತು ಕಲಸಿ ಅವಳ ಬಾಯಿಗಿಟ್ಟ. ಉಳಿದಿರುವ ಒಬ್ಬನ ಕೈಯಿಂದ ಬೇಡ ಎನ್ನಲಾರದೆ ನುಂಗಿದಳು. ಅಂದಿನಿಂದ ಅವನ ಕೈಯ ತುತ್ತಿನಿಂದಲೇ ಅವಳು ಬದುಕಿದಳು. ದಿನಕ್ಕೆ ಎರಡು ಹೊತ್ತು ಅವನು ಉಣ್ಣಿಸುತ್ತಿದ್ದ. ಉಣ್ಣುವಾಗ ಒಮ್ಮೊಮ್ಮೆ ಅದೇ ಮಾತು ಕೇಳುತ್ತಿದ್ದಳು. ಕೈ ಸಿಗಲೇ ಇಲ್ಲವೇ? ಸಿಗಲಿಲ್ಲ ಅವ್ವ. ಹೇಳಿ ಹೇಳಿ ಅವನಿಗೆ ಅದು ರೂಢಿಯಾಯಿತು.

ಗಾಯ ಕೀವುಗಟ್ಟಿ, ಮಾಯಿತು. ನಾಲ್ಕು ಗೆರೆಗಳು ಉಬ್ಬಿಕೊಂಡು ಉಳಿದವು. ಹುಟ್ಟು ಹಾಕುವಾಗ ತೋಳು ಕಣ್ಣ ಮುಂದೆಯೇ ಬರುತ್ತದೆ. ದಿನಕ್ಕೆ ಸಾವಿರ ಸಲ ಅವನು ಆ ಗೆರೆಗಳನ್ನು ನೋಡಬೇಕಾಗಿತ್ತು.

ವರ್ಷದ ಎಡೆ ಇಡುವ ದಿನ ಹತ್ತಿರ ಬಂತು. ತಮ್ಮನ ನೆನಪಿಗೆ ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತೇನೆ ಎಂದ ಅಂಬಿಗ. ತಮ್ಮನನ್ನು ನೆನೆಯುವ ಆಸೆ ಅವನಿಗೆ ನಿಜವಾಗಿಯೂ ಇತ್ತು. ಆ ಗೆರೆಗಳನ್ನು ಮುಚ್ಚುವ ಆಸೆಯೂ ಇತ್ತು. ಯಾವುದು ಹೆಚ್ಚು ಎಂದು ಅವನೇ ತೂಗಿ ನೋಡಲಿಲ್ಲ.

ಯಾವ ಚಿತ್ರ ಎಂಬುದಕ್ಕೆ ಊರೆಲ್ಲ ಬುದ್ಧಿ ಹೇಳಿತು. ಊರಿಗೆ ಅದೇನು ಖರ್ಚೇ? ನೀರಿನವನು, ಮೀನು ಬರೆಸು ಎಂದ ಒಬ್ಬ. ನವಿಲು ಚೆನ್ನ ಎಂದಳು ಒಬ್ಬಳು. ದೇವರ ಹೆಸರು ಸಾಕು, ಸೂಜಿ ಚುಚ್ಚಿಸಿಕೊಳ್ಳುವ ನೋವಾದರೂ ಪುಣ್ಯಕ್ಕೆ ಸಲ್ಲುತ್ತದೆ ಎಂದ ಪೂಜಾರಿ. ಅಂಬಿಗ ಎಲ್ಲವನ್ನೂ ಕೇಳಿಸಿಕೊಂಡ. ದಿನಗಟ್ಟಲೆ ಯೋಚಿಸಿದ. ಕೊನೆಗೆ ತಾನೇ ಒಂದನ್ನು ಆರಿಸಿದ. ಮೊಣಕೈ ಬಳಿ ಒಂದು ಕೈ, ಮಣಿಕಟ್ಟಿನ ಬಳಿ ಇನ್ನೊಂದು ಕೈ. ಒಂದನ್ನೊಂದು ಮುಟ್ಟಲು ಚಾಚಿರಬೇಕು, ಮುಟ್ಟಿರಬಾರದು. ನಡುವೆ ತುಂಬ ಹೊಳೆಯ ನೀರು ಕಪ್ಪಗೆ ಹರಿಯಬೇಕು. ಇದಕ್ಕಿಂತ ಅರ್ಥವಿರುವ ಚಿತ್ರ ಇನ್ನೊಂದಿಲ್ಲ ಎಂದು ಕೇಳಿದವರೆಲ್ಲ ಕಣ್ಣೊರೆಸಿಕೊಂಡರು.

ಊರೂರು ತಿರುಗಿ ಹಚ್ಚೆ ಹಾಕುವವಳೊಬ್ಬಳು ಬುಟ್ಟಿ ಹೊತ್ತು ಬಂದಳು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಅರೆದಳು. ಸೂಜಿಗಳನ್ನು ಜೊತೆಮಾಡಿ ಕಟ್ಟಿದಳು. ಅಂಬಿಗನ ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡು ಗೆರೆಗಳ ಮೇಲೆ ಬೆರಳಾಡಿಸಿದಳು. ಮೊಣಕೈ ಬಳಿ ಗೆರೆ ಆಳವಾಗಿತ್ತು. ಮಣಿಕಟ್ಟಿಗೆ ಬರುತ್ತ ಸಣ್ಣದಾಗಿತ್ತು. ಏನಾಯಿತು ಎಂದು ಕೇಳಿದಳು. ಬಂಡೆಗೆ ತರಚಿದ್ದು ಎಂದ. ಅವಳು ತನ್ನ ನಾಲ್ಕು ಬೆರಳನ್ನು ನಾಲ್ಕು ಗೆರೆಯ ಮೇಲೆ ಇಟ್ಟು ನೋಡಿ, ತೆಗೆದಳು.

"ಗಾಯದ ಕಲೆ ಮೇಲೆ ಹಚ್ಚೆ ಕೂರೋದಿಲ್ಲ ಕಣಪ್ಪ. ಒಡವೆಯಾದ್ರೆ ಬಿಚ್ಚಿಡಬಹುದು, ಇದು ಮಣ್ಣಿಗೂ ಜೊತೇಲೇ ಬರ್ತದೆ. ಈ ತೋಳನ್ನ ಹೀಗೇ ಬಿಡು. ಆ ತೋಳಿಗೆ ಹಾಕ್ತೀನಿ."

"ಇಲ್ಲ, ಇಲ್ಲೇ ಹಾಕು. ನೀರು ಕಪ್ಪಗೆ ಬರಲಿ."

ಅವಳು ಮತ್ತೆ ಹೇಳಲಿಲ್ಲ. ಹಚ್ಚೆ ಹಾಕುವವಳು ಸೂಜಿ ಹಿಡಿದರೆ ಹಾಡು ಹೇಳಬೇಕು. ನೋವು ಮರೆಸುವುದಕ್ಕೆ ಆ ಹಾಡು. ಅಂದು ಅವಳು ಹಾಡಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಾಯಿ ಮುಚ್ಚಿಕೊಂಡು ಚುಚ್ಚಿದಳು. ಅರಿಸಿನ ಹಚ್ಚಿ, ಬಟ್ಟೆ ಸುತ್ತಿ, ಹಕ್ಕಳೆ ಉದುರುವ ತನಕ ಬಿಚ್ಚಬೇಡ ಎಂದು ಹೇಳಿ ಬುಟ್ಟಿ ಎತ್ತಿಕೊಂಡಳು.

ಅಂಬಿಗನಿಗೆ ಎಷ್ಟೋ ದಿನದ ಮೇಲೆ ಜೀವ ಹಗುರಾಯಿತು. ಹುಟ್ಟು ಹಾಕುವಾಗ ಕಣ್ಣ ಮುಂದೆ ಬಟ್ಟೆಯೊಂದೇ ಬರುತ್ತಿತ್ತು. ಹನ್ನೆರಡು ದಿನ ಅವನು ಸುಖವಾಗಿ ನಿದ್ದೆ ಮಾಡಿದ.

ಎಡೆಯ ದಿನ ಬಂತು. ಎಡೆ ಇಡುವ ಮೊದಲು ಚಿತ್ರವನ್ನು ತಾಯಿಗೆ ತೋರಿಸಬೇಕೆಂದು ಅವಳನ್ನು ಬೆಳಕಿಗೆ ಕೂರಿಸಿದ. ಬಟ್ಟೆ ಬಿಚ್ಚಿದ. ಅಂಟಿಕೊಂಡಿದ್ದ ಹಕ್ಕಳೆಯನ್ನು ನೀರಿನಿಂದ ತೊಳೆದ. ತಾಯಿ ಮಗ ಇಬ್ಬರೂ ಒಟ್ಟಿಗೇ ನೋಡಿದರು.

ಎರಡು ಕೈಗಳೂ ಚೆನ್ನಾಗಿ ಮೂಡಿದ್ದವು. ನೀರು ಅವನು ಕೇಳಿದಷ್ಟೇ ಕಪ್ಪಗೆ ಬಂದಿತ್ತು. ಆದರೆ ಕಲೆಯ ಮೇಲೆ ಬಣ್ಣ ನಿಂತಿರಲಿಲ್ಲ. ಕಪ್ಪು ನೀರಿನ ನಡುವೆ ನಾಲ್ಕು ಬಿಳಿ ಗೆರೆಗಳು ಒಂದು ಕೈಯಿಂದ ಇನ್ನೊಂದು ಕೈಯ ತನಕ ನೆಟ್ಟಗೆ ಹೋಗಿದ್ದವು. ಬರಿಯ ತೋಳಿನಲ್ಲಿದ್ದಾಗ ಅವು ಇಷ್ಟು ಕಾಣುತ್ತಿರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ತಾಯಿ ಕೈ ಚಾಚಿದಳು. ಸತ್ತ ಮಗನ ಬೆರಳುಗಳೂ ಅವಳ ಬೆರಳುಗಳಂತೆಯೇ ಉದ್ದನೆಯವು. ನಾಲ್ಕು ಬೆರಳನ್ನು ನಾಲ್ಕು ಗೆರೆಯ ಮೇಲೆ ಇಟ್ಟಳು. ಮೊಣಕೈಯಿಂದ ಮಣಿಕಟ್ಟಿನ ತನಕ ನಿಧಾನವಾಗಿ ಎಳೆದಳು. ಅಲ್ಲಿಗೆ ಗೆರೆ ಮುಗಿಯಿತು. ಅವಳ ಕೈ ನೆಲಕ್ಕೆ ಬಿತ್ತು.

"ಕೈ ಸಿಕ್ಕಿತ್ತೇನೋ, ಮಗ?"

"ಸಿಕ್ಕಿತ್ತವ್ವ. ಹರಿಗೋಲು ಮಗುಚ್ತಾ ಇತ್ತು. ನಾನೇ ಕೊಡವಿದೆ."

ತಾಯಿ ಅಳಲಿಲ್ಲ. 

"ಕೊಡವಿದ್ದನ್ನ ಹೊಳೆ ಮಾಡಿಸ್ತು. ಅದನ್ನ ಅಂದೇ ಹೇಳಿದ್ರೆ ನಿನ್ನ ತಬ್ಬಿಕೊಂಡು ಅಳ್ತಿದ್ದೆ. ಈ ಬಣ್ಣ ಹಾಕಿಸ್ಕೊಂಡ್ಯಲ್ಲ, ಇದನ್ನ ಯಾರು ಮಾಡಿಸಿದ್ದು?"

ಅಂಬಿಗ ಬಿಚ್ಚಿದ ಬಟ್ಟೆಯನ್ನು ಎತ್ತಿ ಮತ್ತೆ ಮುಂಗೈಗೆ ಸುತ್ತಿಕೊಂಡ.

ಅಂದು ಮಧ್ಯಾಹ್ನ ಅವನು ಎಂದಿನಂತೆ ತುತ್ತು ಕಲಸಿ ಅವಳ ಬಾಯಿಯ ಬಳಿ ಹಿಡಿದ. ಅವಳು ಮುಖ ತಿರುಗಿಸಿದಳು. ಬೈಯಲಿಲ್ಲ, ಶಪಿಸಲಿಲ್ಲ, ಊರಿಗೂ ಹೇಳಲಿಲ್ಲ. ಅವನ ಕೈಯಿಂದ ಮಾತ್ರ ಉಣ್ಣಲಿಲ್ಲ. ಪಕ್ಕದ ಮನೆಯ ಹೆಂಗಸು ಬಂದು ಉಣ್ಣಿಸತೊಡಗಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ. ತಾಯಿ ಮಗ ಒಂದೇ ಸೂರಿನ ಕೆಳಗೆ ಇನ್ನೂ ಎಂಟು ತಿಂಗಳು ಬಾಳಿದರು. ಆ ಎಂಟು ತಿಂಗಳಲ್ಲಿ ಅವಳು ಆ ಹಳೆಯ ಮಾತನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅಂಬಿಗ ದಿನವೂ ಅಂದುಕೊಳ್ಳುತ್ತಿದ್ದ.

ಕೊನೆಗೆ ಅವಳ ಉಸಿರು ಮೇಲಕ್ಕೆ ಹತ್ತಿತು. ಹಿರಿಯರು ಸೇರಿದರು. ಸಾಯುವ ತಾಯಿಯ ಬಾಯಿಗೆ ಮಗನೇ ನೀರು ಬಿಡಬೇಕು. ಅಂಬಿಗ ಹೊಳೆಯ ನೀರನ್ನು ಚಮಚದಲ್ಲಿ ತೆಗೆದುಕೊಂಡು ಬಗ್ಗಿದ. ಕಣ್ಣು ಮುಚ್ಚಿದ್ದರೂ ಯಾರ ಕೈ ಎಂದು ಅವಳಿಗೆ ಗೊತ್ತಾಯಿತು. ತುಟಿ ಬಿಗಿಹಿಡಿದಳು. ನೀರು ಗಲ್ಲದ ಮೇಲೆ ಹರಿದು ಚಾಪೆಗೆ ಇಳಿಯಿತು. ಪ್ರಜ್ಞೆ ತಪ್ಪಿದೆ ಎಂದರು ಹಿರಿಯರು. ಪಕ್ಕದ ಮನೆಯವಳು ಚಮಚ ತೆಗೆದುಕೊಂಡು ನೀರು ಬಿಟ್ಟಳು. ತಾಯಿ ಬಾಯಿ ತೆರೆದು ಎರಡು ಗುಟುಕು ಕುಡಿದಳು. ಹೋದಳು.

ಅಂಬಿಗ ಆಮೇಲೂ ಬಹಳ ವರ್ಷ ಹುಟ್ಟು ಹಾಕಿದ. ಬೇಸಿಗೆಯಲ್ಲೂ ಮುಂಗೈಗೆ ಬಟ್ಟೆ ಸುತ್ತಿಕೊಂಡಿರುತ್ತಿದ್ದ. ಏನದು ಎಂದು ದಾಟುವವರು ಕೇಳಿದರೆ, ಹಳೆಯ ಗಾಯ, ಇನ್ನೂ ಮಾಯ್ದಿಲ್ಲ ಎನ್ನುತ್ತಿದ್ದ. ಆ ಒಂದು ಮಾತನ್ನು ಅವನು ನಿಜವನ್ನೇ ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದ ತಲೆ ಎತ್ತಲಿಲ್ಲ. ಸುದ್ದಿ ತಡವಾಗಿ ಬಂತು ಎಂದು ತಾನು ಎಷ್ಟು ಜನರಿಗೆ ಹೇಳಿದ್ದೇನೆಂದು ನೆನಪು ಮಾಡಿಕೊಂಡ. ಹೇಳಿ ಹೇಳಿ ಅವನಿಗೂ ಅದು ರೂಢಿಯಾಗಿತ್ತು. ಮಜ್ಜಿಗೆ ಕುಡಿದು ಹೋದ ಭಾವ ಏನು ಮಾತಾಡಿರಬಹುದು ಎಂದು ಈಗ ಹೊಳೆಯಿತು.  ಆದರೂ ಕೇಳಲು ಬಂದದ್ದನ್ನು ಕೇಳದೆ ಎದ್ದುಹೋಗುವುದಾಗಲಿಲ್ಲ. ಹಾಗಾದರೆ ಈ ಮೂರರಲ್ಲಿ ಯಾವುದು ಎಂದು ಮೆಲ್ಲಗೆ ಕೇಳಿದ.

ಗುರುಗಳು ಗಿಣಿ, ತೊಟ್ಟಿಲು, ಹೆಸರು ಮೂರನ್ನೂ ಒಂದರ ಮೇಲೊಂದು ಇಟ್ಟು, ಮಡಿಸಿ, ಅವನ ಕೈಗೆ ಕೊಟ್ಟರು.

"ಹಾಸಿಗೆ ಹಿಡಿದ ಮೇಲೆ ನಿನ್ನ ಅಕ್ಕ, ಒಮ್ಮೆ ಬಂದು ಹೋಗು ಎಂದು ನಿನಗೆ ಎಷ್ಟು ಸಲ ಹೇಳಿಕಳಿಸಿದ್ದಳು, ಗುರುಪಾದ?"

ಮೂರು ಸಲ. ಅವನಿಗೆ ಗೊತ್ತಿತ್ತು.