ಬಣ್ಣ ನಿಲ್ಲದ ಮುಖ

“ಗುರುಗಳೇ, ಇನ್ನೊಬ್ಬರನ್ನು ಕಂಡು ಹೊಟ್ಟೆ ಉರಿದರೆ, ಆ ಉರಿಯ ಬಲದಿಂದಲೇ ನಾವು ಒಂದಿಷ್ಟು ಮೇಲೆ ಬರಬಹುದಲ್ಲವೇ? ಅದರಲ್ಲಿ ತಪ್ಪೇನಿದೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ನಕ್ಕರು. “ಉರಿಯಿಲ್ಲದೆ ಅನ್ನ ಬೇಯುವುದಿಲ್ಲ, ನಿಜ. ಆದರೆ ಈ ಒಲೆಯ ಉರಿ ತಗ್ಗಿಸಲು ಯಾರಿಗೂ ಬರುವುದಿಲ್ಲ. ಕೂತು ಕೇಳು,” ಎಂದು ಹೇಳತೊಡಗಿದರು.

ಒಂದು ಯಕ್ಷಗಾನ ಮೇಳದಲ್ಲಿ ಹೆಣ್ಣಿನ ಪಾತ್ರ ಮಾಡುವ ಕಲಾವಿದನೊಬ್ಬನಿದ್ದ. ರಾಜ ಹೊರಹಾಕಿದ ರಾಣಿಯ ಪಾತ್ರ ಇಪ್ಪತ್ತು ವರ್ಷದಿಂದ ಅವನದೇ. ಅರಮನೆಯ ಹೊಸಿಲು ದಾಟುವ ಮುನ್ನ ಆ ರಾಣಿ ಒಂದೇ ಒಂದು ಸಲ ಹಿಂದಕ್ಕೆ ತಿರುಗಿ ನೋಡುತ್ತಾಳೆ. ಮಾತಿಲ್ಲ, ಹಾಡಿಲ್ಲ. ಆ ನೋಟಕ್ಕಾಗಿಯೇ ಜನ ಹತ್ತು ಮೈಲಿ ದೂರದಿಂದ ಬರುತ್ತಿದ್ದರು.

ಮೇಳದವರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ಅಲ್ಲಿ ಒಬ್ಬರ ಮುಖಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಬಲಗೈಯಿಂದ ಅವರವರ ಮುಖವನ್ನು ಅವರವರೇ ಬರೆದುಕೊಳ್ಳಬೇಕು. ಕೂರುವುದಕ್ಕೂ ಕ್ರಮವಿದೆ. ರಾಣಿಯ ಪಕ್ಕದಲ್ಲಿ ಸಖಿ.

ಹಾಗೆ ಪಕ್ಕದಲ್ಲಿ ಬಂದು ಕೂತವನು ಹೊಸಬ. ವಯಸ್ಸು ಇಪ್ಪತ್ತೆರಡು. ಹಿರಿಯನು ಕನ್ನಡಿ ಎತ್ತಿದಾಗಲೆಲ್ಲ ಅದರ ಅಂಚಿನಲ್ಲಿ ಆ ಕಿರಿಯನ ಕೆನ್ನೆ ಕಾಣುತ್ತಿತ್ತು. ಮೊದಮೊದಲು ಅವನು ಅದನ್ನು ಗಮನಿಸಲಿಲ್ಲ. ಒಂದು ದಿನ ಆಟ ಮುಗಿದ ಮೇಲೆ ಚೌಕಿಗೆ ಬಂದ ಹೆಂಗಸೊಬ್ಬಳು ಕಿರಿಯನನ್ನು ನೋಡಿ, ಇವನಿಗೆ ಬಣ್ಣವೇ ಬೇಡ, ಹಾಗೇ ರಂಗಕ್ಕೆ ಬಂದರೂ ಸಾಕು ಎಂದಳು. ರಾಣಿಗೆ ಒಂದು ಮಾತೂ ಹೇಳದೆ ಹೋದಳು. ಅಂದಿನಿಂದ ಹಿರಿಯನಿಗೆ ಕನ್ನಡಿಯಲ್ಲಿ ತನ್ನ ಮುಖ ಕಾಣುವುದು ನಿಂತುಹೋಯಿತು. ಅಂಚಿನ ಕೆನ್ನೆಯೊಂದೇ ಕಾಣುತ್ತಿತ್ತು.

ಮಳೆಗಾಲಕ್ಕೆ ಮೇಳದ ತಿರುಗಾಟ ನಿಂತಾಗ ಅವನು ಪೇಟೆಗೆ ಹೋದ. ಸಿಪ್ಪೆ ಸುಲಿದಂತೆ ಹಳೆಯ ಚರ್ಮ ತೆಗೆಯುವ ಮುಲಾಮು ತಂದ. ಸಣ್ಣ ಸೂಜಿಗಳಿರುವ ಉರುಳೆ ತಂದ. ಅದನ್ನು ಕೆನ್ನೆಯ ಮೇಲೆ ಉರುಳಿಸಿದರೆ ಸುಕ್ಕು ಹೋಗುತ್ತದಂತೆ. ಕೆಂಪು ಬೆಳಕು ಬೀರುವ ಒಂದು ಮುಖವಾಡವನ್ನೂ ತಂದ. ಮುಲಾಮನ್ನು ವಾರಕ್ಕೆರಡು ಸಲ, ಉರುಳೆಯನ್ನು ತಿಂಗಳಿಗೊಮ್ಮೆ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಅವನು ಓದಿದ. ಓದಿ ನಕ್ಕ.

ಏಕೆ ನಕ್ಕ ಗೊತ್ತೇ? ಅವನು ಕುಣಿತದವನು. ಒಂದು ಹೆಜ್ಜೆ ಕಾಲಿಗೆ ಕೂರಬೇಕಾದರೆ ಸಾವಿರ ಸಲ ಕುಣಿಯಬೇಕು ಎಂದು ಕಲಿತವನು. ವಾರಕ್ಕೆರಡು ಸಲ ಹೆಜ್ಜೆ ಹಾಕಿದವನು ಸಖಿಯಾಗಿಯೇ ಮುದುಕನಾಗುತ್ತಾನೆ ಎಂದು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವನು. ಕಾಲು ಪಳಗಿದ ಹಾಗೆ ತೊಗಲೂ ಪಳಗುತ್ತದೆ ಎಂದುಕೊಂಡ. ಬೆಳಿಗ್ಗೆ ಮುಲಾಮು, ಮಧ್ಯಾಹ್ನ ಉರುಳೆ, ಸಂಜೆ ಮುಖವಾಡ. ರಾತ್ರಿ ಪುನಃ ಮುಲಾಮು. ಮುಖ ಕೆಂಪಾಯಿತು, ಹೊಳಪು ಬಂತು ಎಂದುಕೊಂಡ. ಉರಿಯತೊಡಗಿತು, ಕೆಲಸ ಮಾಡುತ್ತಿದೆ ಎಂದುಕೊಂಡ. ಸಾಕು ಮಾಡಿ ಎಂದು ಹೆಂಡತಿ ಬೇಡಿಕೊಂಡಳು. ನಿನಗೆ ಸಾಧನೆ ಎಂದರೇನು ಗೊತ್ತು ಎಂದು ಅವಳನ್ನೇ ಗದರಿದ. ಇಲ್ಲದ ಹುಣ್ಣನ್ನು ಕೆರೆದು ಮಾಡಿಕೊಂಡ ಎನ್ನುತ್ತಾರಲ್ಲ, ಅದೇ. ಇವನು ಮಾತ್ರ ಅದನ್ನು ತಪಸ್ಸು ಎಂದು ತಿಳಿದ.

ಮಳೆಗಾಲ ಕಳೆದು ಮೇಳ ಮತ್ತೆ ಹೊರಟಿತು. ಮೊದಲ ಆಟವೇ ರಾಣಿಯ ಕತೆ. ಚೌಕಿಯಲ್ಲಿ ಹಿರಿಯನು ತನ್ನ ಜಾಗದಲ್ಲಿ ಕೂತು, ಬಣ್ಣಕ್ಕೆ ಮೊದಲು ಹಚ್ಚುವ ಕೊಬ್ಬರಿ ಎಣ್ಣೆಯನ್ನು ಕೆನ್ನೆಗೆ ಸವರಿದ. ಇಪ್ಪತ್ತು ವರ್ಷ ಅವನನ್ನು ಕಾಪಾಡಿದ ಎಣ್ಣೆ ಅಂದು ಕೆಂಡದಂತೆ ಸುಟ್ಟಿತು. ಹಲ್ಲು ಕಚ್ಚಿ ಬಿಳಿ ಬಣ್ಣ ಬಳಿದ. ತೊಗಲು ಬಿರಿದಲ್ಲೆಲ್ಲ ನೀರು ಒಸರಿ ಬಣ್ಣ ಕಿತ್ತು ಬಂತು. ಒರೆಸಿ ಮತ್ತೆ ಬಳಿದ. ಮತ್ತೆ ಕಿತ್ತು ಬಂತು. ಕಣ್ಣಿನ ಕೆಳಗೆ ಊದಿಕೊಂಡಿತು.

ಮೇಳದ ಭಾಗವತರು ಬಂದು ಎದುರು ಕೂತರು. ಆಟಕ್ಕೆ ಹಾಡುವವರೂ ಅವರೇ, ಆಟ ನಡೆಸುವವರೂ ಅವರೇ.

“ಎಂತ ಮಾಡಿಕೊಂಡೆ ಮಾರಾಯ? ಇದಕ್ಕೆ ಬಣ್ಣ ನಿಲ್ಲುವುದಿಲ್ಲ. ತೊಳೆದುಬಿಡು,” ಎಂದರು.

ರಾಣಿಯ ಪಾತ್ರವನ್ನು ಕಿರಿಯನಿಗೆ ಕೊಟ್ಟರು. ಅವನು ಒಲ್ಲೆ ಎಂದ. ಬೇರೆ ದಾರಿಯಿರಲಿಲ್ಲ. ಸೀರೆ ಉಟ್ಟವನೇ ಹಿರಿಯನ ಕಾಲ ಬಳಿ ಬಂದು ಕೂತ.

“ಅಣ್ಣ, ಹೊಸಿಲ ಹತ್ತಿರ ನೀವು ತಿರುಗುವಾಗ ಮೊದಲು ತಿರುಗುವುದು ಕುತ್ತಿಗೆಯೋ, ಕಣ್ಣೋ? ದಿನಾ ನಿಮ್ಮನ್ನೇ ನೋಡ್ತೇನೆ. ಮನೆಯಲ್ಲಿ ಮಾಡಿ ಮಾಡಿ ಸೋತೆ. ಅದೊಂದು ನನಗೆ ಬರುವುದೇ ಇಲ್ಲ.”

ಹಿರಿಯನಿಗೆ ಉತ್ತರ ಗೊತ್ತಿತ್ತು. ಒಂದು ಮಾತಿನ ಉತ್ತರ. ಅವನು ಕಿರಿಯನ ಕೆನ್ನೆ ನೋಡಿದ. ಬಣ್ಣ ಅಲ್ಲಿ ಕೆನೆಯ ಹಾಗೆ ಕೂತಿತ್ತು. ನಿನಗೆ ತಿಳಿದ ಹಾಗೆ ಮಾಡು ಎಂದು ಎದ್ದುಹೋದ.

ಮೈ ಒರೆಸುವ ಬೈರಾಸನ್ನು ಮುಖಕ್ಕೆ ಸುತ್ತಿಕೊಂಡು ಜನರ ನಡುವೆ ಹಿಂದಿನ ಸಾಲಿನಲ್ಲಿ ಕೂತ. ತನ್ನ ಮೇಳದ ಆಟವನ್ನು ಅವನು ಈ ಕಡೆಯಿಂದ ನೋಡಿದ್ದು ಅದೇ ಮೊದಲು. ಅಷ್ಟು ದೂರದಿಂದ ಯಾರ ತೊಗಲೂ ಕಾಣುತ್ತಿರಲಿಲ್ಲ. ಹದಿನಾರರವನಿಗೂ ಅರವತ್ತರವನಿಗೂ ಅದೇ ಬಿಳಿ, ಅದೇ ಕೆಂಪು. ಹುಬ್ಬು, ಕಣ್ಣು, ಕೈ, ನಡೆ ಇಷ್ಟೇ ಕಾಣುತ್ತಿತ್ತು. ಅವನು ಬೈರಾಸಿನ ಮೇಲಿಂದಲೇ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡ.

ರಾಣಿ ಹೊಸಿಲಿಗೆ ಬಂದಳು. ತಿರುಗಿ ನೋಡಿದಳು. ಕುತ್ತಿಗೆ ಮೊದಲು ತಿರುಗಿತು, ಕಣ್ಣು ಆಮೇಲೆ ಬಂತು. ಜನ ಸುಮ್ಮನೆ ನೋಡಿದರು. ಒಬ್ಬ ಆಕಳಿಸಿದ.

ಪಕ್ಕದಲ್ಲಿ ಕೂತ ಮುದುಕಿ ಬೈರಾಸಿನವನ ಕಡೆ ವಾಲಿ ಮೆಲ್ಲಗೆ ಕೇಳಿದಳು. “ಮುಂಚಿನ ರಾಣಿ ಬರಲಿಲ್ಲವಾ ಮಗ? ಇವಳು ಚಂದ ಇದ್ದಾಳೆ. ಆದರೆ ಅವಳು ತಿರುಗಿ ನೋಡಿದರೆ ನನಗೆ ನನ್ನ ತೌರು ನೆನಪಾಗ್ತಿತ್ತು.”

ಅವನಿಗೆ ಸಂತೋಷವಾಯಿತು. ಮುದುಕಿಯ ಮಾತಿಗಲ್ಲ, ಕಿರಿಯನು ಸೋತನಲ್ಲ ಎಂದು. ಆ ಸಂತೋಷ ಅವನಿಗೆ ಬೆಲ್ಲದಂತೆ ಸಿಹಿಯಾಗಿತ್ತು. ಬೈರಾಸಿನ ಒಳಗೇ ನಗಲು ಹೋದ. ಕೆನ್ನೆ ಬಿರಿಯಿತು. ಬಟ್ಟೆಗೆ ರಕ್ತ ಹತ್ತಿತು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ, “ಗುರುಗಳೇ, ಆ ಕಿರಿಯನ ಮುಖ ನಿಜವಾಗಿಯೂ ಅಷ್ಟು ಚೆಂದವಿತ್ತೇ?” ಎಂದು ಕೇಳಿದ.

“ನೋಡು, ನೀನೂ ಆ ಮುಖದ ಬಗ್ಗೆಯೇ ಕೇಳಿದೆ, ಬಿರಿದ ಮುಖ ಮಾಯಿತೇ ಎಂದು ಕೇಳಲಿಲ್ಲ,” ಎಂದರು ಗುರು.